ಕಳ್ಳದಾರಿ

ಪರರ ಕಾರ್ಡು ಓದಬಾರದೆಂದು ಇಲಾಖೆಯ ನಿಯಮ.
ಓದಲಿಲ್ಲ ನಾನು. ನೋಡಿದೆ, ಅಷ್ಟೆ.
ಅರವತ್ತನಾಲ್ಕು ಮನೆ, ಶಾಲೆಯ ಕೆಂಪು ಶಾಯಿಯಲ್ಲಿ,
ಕೆಳಗೆ ಒಂದೇ ಸಾಲು:
‘ಬಿಳಿಯ ನಡೆ. ಎರಡರಲ್ಲಿ ಮಾತ್.’

ಕಕ್ಕಬ್ಬೆ ಶಾಲೆಯ ದೇಚಕ್ಕ ಟೀಚರು
ಮರಳುಗಾಡಿನ ದಂಡಿನಲ್ಲಿದ್ದ ತಮ್ಮ ಉತ್ತಯ್ಯನಿಗೆ
ಕ್ಷೇಮಸಮಾಚಾರದ ಬದಲು ಬರೆಯುತ್ತಿದ್ದುದು ಇದನ್ನೇ.
ಅವರ ಮಣೆಯಲ್ಲಿ ಕಾಯಿಗಳು ಅರ್ಧಕ್ಕರ್ಧ ಕಳೆದು
ಖಾಲಿ ತೋಟಾಗಳೇ ಆನೆ,
ಏಲಕ್ಕಿ ಬಿಳಿಯ ಕಾಲಾಳು, ಮೆಣಸುಕಾಳು ಕರಿಯದು,
ಕರಿರಾಜನ ಜಾಗಕ್ಕೆ ಹೊಲಿಗೆ ಯಂತ್ರದ ಬಾಬಿನ್ನು.
ಜೊತೆಗೆ ಆಡುವವರಿಲ್ಲ. ಆಸೆಯೂ ಇರಲಿಲ್ಲ ಅವರಿಗೆ.
‘ಆಟದಲ್ಲಿ ನಾನು ಗೆದ್ದರೆ ಎದುರಿಗಿದ್ದವನು ಸೋಲುತ್ತಾನೆ.
ಕಟ್ಟುವುದರಲ್ಲಿ ಹಾಗಲ್ಲ,’
ಎಂದಿದ್ದರು ಒಮ್ಮೆ, ಕಾರ್ಡಿಗೆ ಚಿಲ್ಲರೆ ಎಣಿಸುತ್ತಾ.

ಕಕ್ಕಬ್ಬೆಯಿಂದ ನಾಪೋಕ್ಲಿಗೆ ಎಂಟು ಮೈಲು.
ಟಪಾಲು ಚೀಲ ಹೆಗಲಲ್ಲಿ, ಜಿಗಣೆ ಕಾಲಲ್ಲಿ,
ಮಣೆ ತಲೆಯಲ್ಲಿ.
ಗದ್ದೆಬದುವಿನ ಮೇಲೆ ಕುದುರೆ ನಡೆಸಿದೆ,
ಎರಡು ಗದ್ದೆ ನೇರ, ಒಂದು ಗದ್ದೆ ಅಡ್ಡ.
ಕಳೆ ಕೀಳುತ್ತಿದ್ದ ಹೆಂಗಸರು ನಕ್ಕರು:
‘ಬೆಳ್ಯಪ್ಪಣ್ಣ ಹಾದಿ ಮರೆತ!’

ಬಿದಿರು ಪಾಲದ ನಡುವಿಗೆ ಬಂದಾಗ ಹೊಳೆಯಿತು:
ಮಂತ್ರಿ ದೂರ ಸರಿಯಬೇಕು.
ಕಿಸ್ತಿಲ್ಲ, ಬೆದರಿಕೆಯಿಲ್ಲ, ಸುಮ್ಮನೆ ಕಾಯುವ ನಡೆ.
ಕುಳಿತಲ್ಲೇ ಕುಳಿತಿದ್ದರೆ ಕರಿಯನಿಗೆ ಸಾವಿಲ್ಲ;
ಆದರೆ ನಡೆಯಲೇಬೇಕಲ್ಲ,
ಯಾವ ಕಾಯಿ ಎತ್ತಿದರೂ ಅದೇ
ಅವನ ಮನೆಯ ಅಗುಳಿ ತೆಗೆಯುತ್ತದೆ.
ಇದನ್ನು ಕಟ್ಟಿದವರಿಗೆ ಕೈ ಮುಗಿಯೋಣ ಅನ್ನಿಸಿತು.
ಅನ್ನಿಸಿದ ಗಳಿಗೆಯಲ್ಲೇ ಇನ್ನೊಂದು ಕಂಡಿತು:
ಮೂಲೆಯ ಕುದುರೆ ಹಾರಿದರೂ ಎರಡೇ ನಡೆ.
ಟೀಚರು ಕಾಣದ ಕಳ್ಳದಾರಿ.
ಎರಡು ಉತ್ತರವಿದ್ದರೆ ಅದು ಒಗಟೇ ಅಲ್ಲ.

ಹೇಳುವುದು ಹೇಗೆ? ಓದಬಾರದವನು ನಾನು.

ಎರಡು ತಿಂಗಳಿಗೆ ಕಾರ್ಡು ಹಿಂದಕ್ಕೆ ಬಂತು,
ಮೈಮೇಲೆ ಯುದ್ಧಕಾಲದ ನೇರಳೆ ಮೊಹರು:
ಗುಪ್ತಲಿಪಿಯ ಗುಮಾನಿ, ತಡೆಹಿಡಿದಿದೆ.
ದೇಚಕ್ಕನ ಕಾಲಾಳುಗಳನ್ನು ಯಾರೋ
ಫಿರಂಗಿಗಳೆಂದು ಎಣಿಸಿರಬೇಕು.
ಶಾಲೆಗೆ ಮುಂಚೆ, ಹಲಸಿನ ಮರದ ಮರೆಯಲ್ಲಿ,
ಸೀಸದಕಡ್ಡಿಯ ತುದಿ ನೆಕ್ಕಿ
ಕುದುರೆ ಇಳಿಯುವ ಮನೆಯಲ್ಲೊಂದು ಚುಕ್ಕೆ ಇಟ್ಟೆ.

ದೇಚಕ್ಕ ಚುಕ್ಕೆಯನ್ನು ದಿಟ್ಟಿಸಿದರು. ಗಂಟೆ ಹೊಡೆಸುವುದ ಮರೆತರು.
‘ಆ ಸೆನ್ಸಾರ್ ದೊರೆ ಸಾಮಾನ್ಯನಲ್ಲ ಬೆಳ್ಯಪ್ಪ,
ಬೊಂಬಾಯಿಯಲ್ಲಿ ಕೂತು ನನ್ನ ತಪ್ಪು ಹಿಡಿದಿದ್ದಾನೆ.’
ಬಾಯಿ ತೆರೆದೆ. ಮುಚ್ಚಿದೆ.
ಮಾತ್ ಆದವನಿಗೆ ಮಾತು ಎಲ್ಲಿಂದ?

ಮುಂದಿನ ಕಾರ್ಡಿನಲ್ಲಿ
ಚುಕ್ಕೆಯ ಮನೆಗೆ ಕಾವಲಾಗಿ ಹೊಸದೊಂದು ಕರಿಯ ಕಾಲಾಳು.
ಆಮೇಲಿನವೆಲ್ಲ ಹೆಸರಿಗೆ ತಮ್ಮನಿಗೆ, ನಿಜಕ್ಕೆ ಆ ದೊರೆಗೆ.
ಹೋದವು, ಬಂದವು. ಮೊಹರು ಅವರದು, ಚುಕ್ಕೆ ನನ್ನದು.
ಒಟ್ಟು ಹತ್ತೊಂಬತ್ತು. ಹನ್ನೊಂದನೆಯದು ಬಗೆಹರಿಯದೆ
ಮೂರು ದಿನ ಚೀಲದಲ್ಲೇ ಇಟ್ಟುಕೊಂಡಿದ್ದೆ.
ಇಲಾಖೆ ಕ್ಷಮಿಸಲಿ.

ಯುದ್ಧ ಮುಗಿದು ಉತ್ತಯ್ಯ ಬಂದ, ಒಂದು ಕಿವಿ ಕೇಳದೆ.
ಅವನಿಗೆ ಬರುತ್ತಿದ್ದುದು ಇಸ್ಪೀಟು ಮಾತ್ರವಂತೆ!
ಸೆನ್ಸಾರ್ ಕಚೇರಿಗೆ ಬೀಗ ಬಿತ್ತೆಂದು
ಪೇಪರಿನಲ್ಲಿ ಬಂದ ವಾರ
ದೇಚಕ್ಕ ಹೊಸ ಕಾರ್ಡು ಕೊಟ್ಟರು.
ಮೂರು ನಡೆಯದು.

‘ವಿಳಾಸ ಬರೆದಿಲ್ಲ, ಅಕ್ಕ.’
‘ಗೊತ್ತು,’ ಎಂದವರೇ
ನನ್ನ ಕಿವಿಯ ಸಂದಿಯ ಸೀಸದಕಡ್ಡಿಯನ್ನು ಒಮ್ಮೆ ನೋಡಿ
ಮಗ್ಗಿ ಹೇಳಿಸಲು ಒಳಗೆ ಹೋದರು.

ಬಿಡಿಸಿ ಮೂವತ್ತು ವರ್ಷವಾಯಿತು.
ಕಳ್ಳದಾರಿ ಮಾತ್ರ ಸಿಕ್ಕಿಲ್ಲ.
ಹುಡುಕುತ್ತಿದ್ದೇನೆ.